ಮ್ಯಾಲ ಮಂದಿ ಇದ್ದಾರ

ಖಡಕಿ, ಪುಣೆ
ಕಾರ್ತಿಕ ಮಾಸ, ೧೯೩೭

ಪ್ರಿಯ ಮಾರ್ತಾಂಡಾ,

'ಪ್ರಿಯ ಮಿತ್ರಾ' ಎಂದು ಬರೆಯಲು ಹೊರಟಿದ್ದೆ. ಆಮೇಲೆ ನೆನಪಾಯಿತು, ಮಿತ್ರ ಎಂದರೂ ಸೂರ್ಯ, ಮಾರ್ತಾಂಡ ಎಂದರೂ ಸೂರ್ಯ. ಯಾವ ಹೆಸರಿನಿಂದ ಕರೆದರೂ ಬರುವವನು ನೀನೇ. ಈಗ ಯಾವ ಹೆಸರಿನಿಂದ ಕರೆದರೂ ಬರುವುದಿಲ್ಲ ಎಂಬುದು ಬೇರೆ ಮಾತು.

ನೀನು ಬದುಕಿದ್ದಾಗ ನಿನಗೆ ಒಂದು ಪತ್ರವನ್ನೂ ಬರೆದವನಲ್ಲ ನಾನು. ಪಕ್ಕದ ಮೇಜಿನವನಿಗೆ ಯಾರು ಪತ್ರ ಬರೆಯುತ್ತಾರೆ? ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ತಳೇಗಾಂವದ ಲೈನಿನ ಸ್ವಿಚ್ಚಿಗೆ ನೀನು ತೂಗುಹಾಕಿ ಹೋದ ಕಾರ್ಡು ಕೆಳಗಿಳಿಯಿತು. ಅದು ಇಳಿಯದೆ ಅಲ್ಲೇ ಇರಲಿ ಎಂದು ಇಡೀ ಕಂಪನಿಯಲ್ಲಿ ಹಾರೈಸಿದವನು ನಾನೊಬ್ಬನೇ ಇರಬೇಕು. ಯಾರು ಇಳಿಸಿದರು, ಹೇಗೆ ಇಳಿಸಿದರು ಎಂಬುದನ್ನು ನಿನಗೆ ಹೇಳದ ಹೊರತು ನನಗೆ ಸಮಾಧಾನವಿಲ್ಲ.

ಇಂಜಿನಿಯರಿಂಗ್ ಕಾಲೇಜಿನಿಂದ ಹೊರಬಿದ್ದು ನಾವಿಬ್ಬರೂ ಒಂದೇ ದಿನ ಈ ಇಲೆಕ್ಟ್ರಿಕ್ ಕಂಪನಿಯ ಮೆಟ್ಟಿಲು ಹತ್ತಿದೆವು. ಬಾಗಲಕೋಟೆಯ ಮಾರ್ತಾಂಡ, ಧಾರವಾಡದ ಶ್ಯಾಮ. ಒಬ್ಬನ ಹೆಸರಲ್ಲಿ ಬೆಳಕು, ಇನ್ನೊಬ್ಬನ ಹೆಸರಲ್ಲಿ ಕತ್ತಲೆ. ದೀಪ ಮಾರುವ ಕಂಪನಿಗೆ ಇಬ್ಬರೂ ಬೇಕು, ಕತ್ತಲೆಯೇ ಇಲ್ಲದಿದ್ದರೆ ದೀಪ ಕೊಳ್ಳುವವರು ಯಾರು ಎಂದು ನಾನು ಅಂದರೆ ನೀನು ನಗಲಿಲ್ಲ. ನನ್ನ ಯಾವ ಶ್ಲೇಷೆಗೂ ನೀನು ನಕ್ಕವನಲ್ಲ. "ಆತೇನು? ಈಗ ಕೆಲಸಾ ಮಾಡು" ಅನ್ನುತ್ತಿದ್ದೆ. ಕಂಪನಿ ಸೇರಿದವರಿಗೆ ಕಂಪೂ ಸಿಗುವುದಿಲ್ಲ, ಕಂಪನ ಮಾತ್ರ ಸಿಗುತ್ತದೆ ಎಂದು ಇನ್ನೊಂದು ದಿನ ಅಂದಾಗ ಪೆನ್ಸಿಲ್ಲು ಕೆಳಗಿಟ್ಟು ನನ್ನ ಮುಖ ನೋಡಿದೆ. "ಶ್ಯಾಮ್ಯಾ, ನೀ ಕಾಲೇಜಿನಾಗ ಕಲತದ್ದೆಲ್ಲಾ ಇದಕ್ಕ ಬಳಸಲಿಕ್ಕೆ ಹತ್ತಿದರ ಲಂಡನ್ನಿನವರು ದಿವಾಳಿ ಏಳ್ತಾರ" ಎಂದೆ. ಅದು ನಿನ್ನ ಬಾಯಿಂದ ನಾನು ಕೇಳಿದ ಅತ್ಯಂತ ಉದ್ದವಾದ ಹಾಸ್ಯ.

ನಮ್ಮ ಕಂಪನಿ ಎಷ್ಟು ದೊಡ್ಡದೆಂದರೆ ಅದರ ತಲೆ ಲಂಡನ್ನಿನಲ್ಲಿತ್ತು, ಹೊಟ್ಟೆ ಮುಂಬಯಿಯಲ್ಲಿತ್ತು, ನಾವು ಕಾಲಿನ ಕಿರುಬೆರಳಲ್ಲಿದ್ದೆವು. ಕಿರುಬೆರಳಿಗೆ ಮುಳ್ಳು ಚುಚ್ಚಿದರೆ ತಲೆಗೆ ತಿಳಿಯಲು ಒಂದು ಹಡಗು ಹೋಗಬೇಕು, "ಕೀಳಬಹುದು" ಎಂಬ ಅಪ್ಪಣೆ ಹೊತ್ತು ಇನ್ನೊಂದು ಹಡಗು ಬರಬೇಕು. ತಳೇಗಾಂವಕ್ಕೆ ಲೈನು ಎಳೆಯುವಾಗ ಬಂದ ಆ ಅಚ್ಚಾದ ಅರ್ಜಿ ನಮೂನೆ ನೆನಪಿದೆಯೇ? ತಂತಿಗಳ ಮೇಲೆ ಚಳಿಗಾಲದಲ್ಲಿ ಎಷ್ಟು ದಪ್ಪ ಹಿಮ ಕೂಡುತ್ತದೆ ಎಂಬುದೊಂದು ಪ್ರಶ್ನೆ ಇತ್ತು. ನೀನು 'ಇಲ್ಲ' ಎಂದು ಬರೆದೆ. ಇಲ್ಲ ಎಂಬುದು ದಪ್ಪವಲ್ಲ, ಸರಿಯಾಗಿ ತುಂಬಿ ಕಳಿಸಿ ಎಂದು ಅರ್ಜಿ ತಿರುಗಿ ಬಂತು. ನಾನು 'ಈವರೆಗೆ ಬಿದ್ದಿಲ್ಲ, ಬಿದ್ದ ಕೂಡಲೆ ತಿಳಿಸಲಾಗುವುದು' ಎಂದು ಬರೆದೆ. ಮಂಜೂರಾಯಿತು.

ಹಗಲೆಲ್ಲ ಗೆರೆ ಎಳೆಯುತ್ತಿದ್ದೆವು. ನಕ್ಷೆ ನಮ್ಮದು, ಅದರ ಕೆಳಗಿನ ಸಹಿ ವಿಲ್ಟನ್ ಸಾಹೇಬರದು. ಸಹಿ ಹಾಕುವುದರಿಂದಲೇ ಅವರು ಸಾಹೇಬರು ಎಂದು ನಾನು ನಿರುಕ್ತ ಹೇಳುತ್ತಿದ್ದೆ. ಸಾಹೇಬರು ಕೆಟ್ಟವರಲ್ಲ, ನಾವು ತಪ್ಪು ಮಾಡಿದರೆ ಅದಕ್ಕೂ ತಮ್ಮದೇ ಸಹಿ ಹಾಕುತ್ತಿದ್ದರು. ಆದರೆ ಚಿಂಚವಾಡದ ಬಳಿ ನದಿ ದಾಟಿಸಲು ನೀನು ಹೂಡಿದ ಯುಕ್ತಿ ಲಂಡನ್ನಿನ ವರದಿಯಲ್ಲಿ 'ಪುಣೆ ಶಾಖೆಯ ಕೆಲಸ' ಎಂದು ಅಚ್ಚಾಗಿ ಬಂತು. ಕಬ್ಬಿಣದ ಕಂಬದ ಮೇಲೆ ಗ್ಲಾಸ್ಗೊದ ಕಾರ್ಖಾನೆಯ ಹೆಸರಿತ್ತು, ತಂತಿಯ ಉರುಳೆಯ ಮೇಲೆ ಮ್ಯಾಂಚೆಸ್ಟರಿನ ಹೆಸರಿತ್ತು, ಕಂಬ ನೆಟ್ಟ ಹೊಲದ ಕಲ್ಲಿನ ಮೇಲೆ ಹೊಲದವನ ಹೆಸರಿತ್ತು. ಎಂ. ಆರ್. ಕಟಗೇರಿ ಎಂಬ ನಿನ್ನ ಹೆಸರು ಆ ಲೈನಿನ ಉದ್ದಕ್ಕೂ ಎಲ್ಲಿಯೂ ಇರಲಿಲ್ಲ, ಆ ಒಂದು ಕಾರ್ಡಿನ ಹೊರತು.

ಕಾರ್ಡಿನ ಕಟ್ಟಳೆಯನ್ನು ನಿನಗೆ ಹೇಳಿಕೊಡುವುದು ಸೂರ್ಯನಿಗೆ ಕಂದೀಲು ತೋರಿಸಿದ ಹಾಗೆ. ಆದರೂ ಬರೆಯುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಹುಟ್ಟಿತು. ಲೈನಿನ ಮೇಲೆ ಜನ ಹತ್ತುವ ಮೊದಲು ಇಂಜಿನಿಯರನು ಖಡಕಿಯ ಸ್ವಿಚ್ಚನ್ನು ತೆಗೆದು ಕರೆಂಟು ನಿಲ್ಲಿಸಿ, ಅದರ ಹಿಡಿಕೆಗೆ ತನ್ನ ಹೆಸರಿನ ಕಾರ್ಡು ಕಟ್ಟಬೇಕು. ಕಾರ್ಡು ಇರುವವರೆಗೆ ಆ ಸ್ವಿಚ್ಚನ್ನು ಯಾರೂ ಮುಟ್ಟುವಂತಿಲ್ಲ. ಕಟ್ಟಿದ ಕೈಯೇ ಬಿಚ್ಚಬೇಕು; ಸಾಹೇಬರಿಗೂ ಬಿಚ್ಚುವ ಅಧಿಕಾರವಿಲ್ಲ. ಹಿಂದೆ ಕಂಪನಿಯ ಯಾವುದೋ ಊರಿನಲ್ಲಿ ಒಬ್ಬನ ಕಾರ್ಡನ್ನು ಇನ್ನೊಬ್ಬ ಬಿಚ್ಚಿ, ಕಂಬದ ಮೇಲಿದ್ದವರು ಮನೆಗೆ ಹೋಗಲಿಲ್ಲವಂತೆ. ಕಾರ್ಡಿನ ಮೇಲೆ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಎಚ್ಚರಿಕೆ ಅಚ್ಚಾಗಿತ್ತು. ನಮ್ಮ ಲೈನಿನ ಆಳುಗಳಲ್ಲಿ ಅರ್ಧ ಜನ ಅಥಣಿ, ಗೋಕಾಕದ ಕಡೆಯವರು, ಅವರಿಗೂ ತಿಳಿಯಲಿ ಎಂದು ನೀನು ಒಂದು ಕಾಗದದ ಪಟ್ಟಿ ಅಂಟಿಸಿ ದುಂಡಗೆ ಬರೆದೆ: 'ಮ್ಯಾಲ ಮಂದಿ ಇದ್ದಾರ. ಮುಟ್ಟಬ್ಯಾಡ್ರಿ.' ಕಂಪನಿಯ ಕಡಲಿನಷ್ಟು ಕಾಗದದಲ್ಲಿ ಕನ್ನಡ ಇದ್ದದ್ದು ಅಷ್ಟೇ.

ಕಂಬಗಳ ಮೇಲೆ ತಂತಿ ಹೊರುವ ಪಿಂಗಾಣಿ ಬಟ್ಟಲುಗಳಲ್ಲಿ ಒಡೆದವನ್ನು ಬದಲಿಸಲೆಂದು ಭಾದ್ರಪದದಲ್ಲಿ ನೀನು ಆ ಕಾರ್ಡು ಕಟ್ಟಿ ಚಿಂಚವಾಡದ ಕಡೆ ಹೋದವನು, ಮಧ್ಯಾಹ್ನ ಕಂಬದ ಬುಡದಲ್ಲಿ ಕುಸಿದು ಕುಳಿತೆ. ಮೈ ಕೆಂಡವಾಗಿತ್ತು. ಟಾಂಗಾದಲ್ಲಿ ಶನಿವಾರ ಪೇಟೆಯ ಮನೆಗೆ ತಂದೆವು. ವಿಷಮಜ್ವರ ಎಂದರು ಡಾಕ್ಟರು. ನಾನು ದಿನಾ ಬಂದು ನಿನ್ನ ಹಾಸಿಗೆಯ ಪಕ್ಕ ಕೂತು, ಜ್ವರಮಾಪಕದ ಪಾದರಸಕ್ಕೂ ನಮ್ಮ ಸಂಬಳಕ್ಕೂ ಏರುವ ವಿಷಯದಲ್ಲಿ ಇರುವ ಅಂತರದ ಬಗ್ಗೆ ಏನೇನೋ ಹಲುಬುತ್ತಿದ್ದೆ. ನೀನು ಕಣ್ಣು ಮುಚ್ಚಿಕೊಂಡಿದ್ದೆ. ನಗುವುದಿಲ್ಲ ಎಂಬುದು ಗೊತ್ತೇ ಇತ್ತು, 'ಆತೇನು?' ಅನ್ನುತ್ತೀಯೆಂದು ಕಾಯುತ್ತಿದ್ದೆ. ನವರಾತ್ರಿಯ ಘಟ ಕೂಡುವ ಮೊದಲೇ ನೀನು ಹೋದೆ.

ನೀನು ಎದ್ದು ಬಂದು ಬಿಚ್ಚುವೆಯೆಂದು ಕಾಯುತ್ತಿದ್ದ ಕಂಪನಿಗೆ ನಿನ್ನನ್ನು ಕಳಿಸಿ ಬಂದ ಮೇಲೆ ಎಚ್ಚರವಾಯಿತು: ಕಾರ್ಡು ಸ್ವಿಚ್ಚಿನ ಮೇಲೆಯೇ ಇದೆ. ಕಟ್ಟಿದ ಕೈ ಇಲ್ಲ. ತಳೇಗಾಂವದಲ್ಲಿ ದೀಪವಿಲ್ಲ, ಕಾರ್ಖಾನೆಗಳ ಮೋಟಾರು ನಿಂತಿವೆ, ದೂರಿನ ತಂತಿಗಳು ಸಾಹೇಬರ ಮೇಜಿನ ಮೇಲೆ ಬೀಳುತ್ತಿವೆ. ಸಾಹೇಬರು ಕಾರ್ಡಿನ ಮುಂದೆ ಹೋಗಿ ನಿಲ್ಲುವರು, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮರಳುವರು. ಹೊಸದಾಗಿ ಸೇರಿದ ಪ್ರತಿಯೊಬ್ಬನಿಗೂ ಆ ಕಟ್ಟಳೆಯನ್ನು ಓದಿ ಹೇಳಿದವರು ಅವರೇ ತಾನೇ. ಲಂಡನ್ನಿಗೆ ತಂತಿ ಹೋಯಿತು. 'ಸದರಿ ನೌಕರನನ್ನು ಕರೆಸಿ ತೆಗೆಸಿರಿ' ಎಂದು ಉತ್ತರ ಬಂತು. ನೌಕರನು ತೀರಿಕೊಂಡಿದ್ದಾನೆ ಎಂದು ಮತ್ತೆ ಬರೆದರು. ರಜೆ ಎಲ್ಲಿಯವರೆಗೆ ಎಂದು ಅಲ್ಲಿಂದ ಕೇಳದೇ ಇದ್ದದ್ದು ನಮ್ಮ ಪುಣ್ಯ.

ನಾನು ಮಾತ್ರ ದಿನವೂ ಖಡಕಿಗೆ ಏನಾದರೊಂದು ನೆವ ಮಾಡಿಕೊಂಡು ಹೋಗುತ್ತಿದ್ದೆ. ಗಾಳಿಗೆ ಕಾರ್ಡು ಅಲ್ಲಾಡುತ್ತಿತ್ತು. ನಿನ್ನ ಮೇಜಿನ ಮೇಲೆ ಬೇರೊಬ್ಬರ ಟೊಪ್ಪಿಗೆ ಬಂದಾಗಿತ್ತು, ಹಾಜರಿ ಪುಸ್ತಕದಲ್ಲಿ ನಿನ್ನ ಸಾಲಿಗೆ ಕೆಂಪು ಗೆರೆ ಬಿದ್ದಾಗಿತ್ತು. ಆ ಹಿಡಿಕೆಯ ಮುಂದೆ ನಿಂತರೆ ಮಾತ್ರ ಕಂಪನಿ ಇನ್ನೂ ನಿನ್ನ ಮಾತು ಕೇಳುತ್ತಿತ್ತು. ಸಾವಿರಾರು ಜನರ ಕಂಪನಿಯನ್ನು ನಿನ್ನ ಹೆಸರು ತಡೆದು ನಿಲ್ಲಿಸಿತ್ತು. ನಾಳೆ ಇದನ್ನು ಬಿಚ್ಚಿದರೆ ನೀನು ಇಲ್ಲಿ ಇದ್ದೆ ಎಂಬುದಕ್ಕೆ ಏನು ಉಳಿಯುತ್ತದೆ ಎಂದು ಅದರ ಗಂಟನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಕೊನೆಗೆ ಮುಂಬಯಿಯ ಕಂಪನಿ ವಕೀಲರು ದಾರಿ ಕಂಡುಹಿಡಿದರು. ಸತ್ತವನ ಹಕ್ಕು ಅವನ ವಾರಸಿಗೆ ಹೋಗುತ್ತದೆ. ಹೊಲಕ್ಕೆ ಸಲ್ಲುವ ನ್ಯಾಯ ಕಾರ್ಡಿಗೂ ಸಲ್ಲುತ್ತದೆ. ಗಂಡುಮಕ್ಕಳು ಚಿಕ್ಕವರು, ಆದ್ದರಿಂದ ಹೆಂಡತಿ ಬಂದು ಬಿಚ್ಚಲಿ. ಈ ಸಂಗತಿಯನ್ನು ನನಗೆ ಅತ್ತಿಗೆಯ ಸಮಾನರಾದ ಗೋದಾವೈನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ನಿನ್ನ ಮನೆಯ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕುಳಿತು ಹೇಳಿದೆ. ಜೀವನದಲ್ಲಿ ಮೊದಲ ಸಲ ನನಗೆ ಒಂದೂ ಶ್ಲೇಷೆ ಹೊಳೆಯಲಿಲ್ಲ. ವೈನಿ ಬಾಗಿಲ ಮರೆಯಲ್ಲಿ ನಿಂತಿದ್ದರು. ಪಕ್ಕದ ಮನೆಯ ರಂಗೂಬಾಯಿ ಹೂಬತ್ತಿ ಹೊಸೆಯುತ್ತ ಅಲ್ಲೇ ಕೂತಿದ್ದಳು. "ಗಂಡ ಹೋಗಿ ತಿಂಗಳು ತುಂಬಿಲ್ಲ, ಹೊಸಲು ದಾಟಿ ಖಡಕಿಗೆ ಹೋಗೂದೇನವಾ? ಗೋರ‍್ಯಾರ ನಡುವ, ಸಾಹೇಬರ ಮುಂದ ನಿಂದರೂದೇನು? ನೋಡಿದವರು ಏನಂದಾರು" ಎಂದಳು. ನಿನ್ನ ತಾಯಿ ರಾಧಾಬಾಯಿ ಅಲ್ಲಿಯವರೆಗೆ ಗೋಡೆಗೆ ಮುಖ ಮಾಡಿ ಮಲಗಿದ್ದವರು, ಎದ್ದು ಕುಳಿತರು. "ನನ್ನ ಮಗಾ ಕೆಲಸಕ್ಕ ಹೋದವಾ, ಅವನ ಹೆಸರು ಇನ್ನೂ ಮನೀಗೆ ಬಂದಿಲ್ಲ. ಕರಕೊಂಡು ಬರಲಿಕ್ಕೆ ಹೊಂಟಾಳ. ನೋಡಿದವರು ದಾರಿ ಬಿಡಬೇಕು ಅಷ್ಟ" ಎಂದರು. ರಂಗೂಬಾಯಿ ಬತ್ತಿಯ ಕಡೆ ನೋಡಿದಳು.

ಗೋದಾವೈನಿ ಖಡಕಿಗೆ ಬಂದ ದಿನ ಬಿಸಿಲು ಮೆತ್ತಗಿತ್ತು. ಸಾಹೇಬರು ಟೊಪ್ಪಿಗೆ ತೆಗೆದು ನಿಂತಿದ್ದರು. ಕುರ್ಚಿ ಹಾಕಿಸಿದ್ದರು, ವೈನಿ ಕೂರಲಿಲ್ಲ. ಲೈನಿನ ಆಳುಗಳಲ್ಲಿ ಸುದ್ದಿ ತಿಳಿದವರು ಬೇಲಿಯ ಬಳಿ ಗುಂಪಾಗಿದ್ದರು. ನಾನು ರಿಜಿಸ್ಟರ್ ತೆರೆದು ಕಟ್ಟಳೆಯಂತೆ ಓದಿದೆ: ಈ ಲೈನಿನ ಮೇಲೆ ಕಾರ್ಡು ಒಂದೇ, ಎಂ. ಆರ್. ಕಟಗೇರಿಯವರದು, ಬೇರೆ ಯಾರೂ ಲೈನಿನ ಮೇಲಿಲ್ಲ. ಕಾಗದದ ಮಟ್ಟಿಗೆ ಆ ಲೈನಿನ ಮೇಲೆ ಇದ್ದವನು ನೀನೊಬ್ಬನೇ. ವೈನಿ ಕಾರ್ಡನ್ನೇ ನೋಡುತ್ತಿದ್ದರು. ನಿನ್ನ ಅಕ್ಷರದ ಮೇಲೆ ಬೆರಳು ಓಡಿಸಿದರು. ದಾರಕ್ಕೆ ಕೈ ಹಾಕಿದವರು ಹಾಗೇ ನಿಂತರು.

"ಶ್ಯಾಮರಾವ್, ಮ್ಯಾಲ ಮಂದಿ ಇದ್ದಾರ ಅಂತ ಬರದಾರಲ್ಲ ಇಲ್ಲೆ. ಎಲ್ಲಾರೂ ಇಳದಾರೇನ್ರಿ?"

"ಹೌದ್ರಿ ವೈನಿ. ರಿಜಿಸ್ಟರಿನಾಗ ಯಾರೂ ಇಲ್ಲ."

"ರಿಜಿಸ್ಟರ ಬ್ಯಾಡ್ರಿ. ಮಂದೀನ್ನ ಕೇಳ್ರಿ."

ನನಗೆ ಮುಜುಗರವಾಯಿತು. ಸಾಹೇಬರು ಏನಂತೆ ಎಂದು ಹುಬ್ಬಿನಲ್ಲೇ ಕೇಳಿದರು. ವೈನಿ ದಾರ ಬಿಡದೆ, ತಗ್ಗಿದ ದನಿಯಲ್ಲಿ ಹೇಳಿದ ಮಾತನ್ನು ನಿನಗೆ ಇದ್ದದ್ದು ಇದ್ದ ಹಾಗೆ ತಲುಪಿಸುತ್ತೇನೆ. "ಜ್ವರದಾಗ ಅವರು ಒಂದ ಮಾತು ಕೇಳತಿದ್ರು. ಎಲ್ಲಾರೂ ಇಳದ್ರೇನು, ಎಲ್ಲಾರೂ ಇಳದ್ರೇನು ಅಂತ. ನಮ್ಮ ಹುಡುಗರು ಅಟ್ಟಾ ಹತ್ತಿ ಆಡತಿರತಾವಲ್ಲ, ಅವನ್ನ ಕೇಳತಾರ ಅಂತ ತಿಳಕೊಂಡೆ ನಾನು. ಹೂಂ ಇಳದ್ರು, ನೀವು ಮಲಕೋರಿ ಅಂತಿದ್ದೆ. ಹಂಗಂದರ ಸುಮ್ಮನಾಗತಿದ್ರು. ಈ ಚೀಟಿ ಓದಿದ ಮ್ಯಾಲೆ ಈಗ ತಿಳೀತು, ಯಾರನ್ನ ಕೇಳತಿದ್ರು ಅಂತ. ನಾ ಅವರಿಗೆ ಹೇಳಿ ಕಳಿಸಿದ ಮಾತು ಖರೇ ಆಗಬೇಕಲ್ರಿ."

ಮಾರ್ತಾಂಡಾ, ನಾನೂ ಆ ಹಾಸಿಗೆಯ ಪಕ್ಕದಲ್ಲೇ ಕೂತಿರುತ್ತಿದ್ದೆ. ಆ ಮಾತು ನನ್ನ ಕಿವಿಗೂ ಬಿದ್ದಿರಬೇಕು. ನಾನು ಪಾದರಸದ ಮೇಲೆ ಇನ್ನೊಂದು ವಾಕ್ಯ ಹೊಸೆಯುತ್ತಿದ್ದೆ.

ಬೇಲಿಯ ಕಡೆ ತಿರುಗಿ, ನಿಮ್ಮ ಪೈಕಿ ಇಲ್ಲಿಗೆ ಬಾರದವರು ಯಾರು ಎಂದು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಕಾಡಪ್ಪ ಬಂದಿಲ್ರಿ. ಚಿಂಚವಾಡದ ಕಡೆ ಹ್ವಾದ, ಚೀನೀ ಬಟ್ಟಲಾ ಬದಲಿ ಮಾಡಾಕ" ಎಂದಿತು ಒಂದು ದನಿ. ನನ್ನ ಕೈಯಲ್ಲಿದ್ದ ರಿಜಿಸ್ಟರ್ ಭಾರವಾಯಿತು. ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿದೆನೋ ಕನ್ನಡದಲ್ಲೇ ಹೇಳಿದೆನೋ ತಿಳಿಯದು, ಅವರು ಆಗಲೇ ತಮ್ಮ ಮೋಟಾರು ಗಾಡಿಯ ಕಡೆ ಓಡುತ್ತಿದ್ದರು. ವೈನಿಗೆ "ಬಿಚ್ಚಬ್ಯಾಡ್ರಿ" ಎಂದೆ. "ಇಲ್ಲ" ಎಂದರು ಅವರು.

ಪಿಂಪ್ರಿ ದಾಟಿದ ಮೇಲೆ ದೂರದಿಂದಲೇ ಕಂಡಿತು. ನೀನು ಕುಸಿದ ಕಂಬದಿಂದ ಸ್ವಲ್ಪ ಆಚೆಗೆ, ತಂತಿಯನ್ನು ಕಂಕುಳಲ್ಲಿ ಅವುಚಿಕೊಂಡು, ಕಾಲು ಇಳಿಬಿಟ್ಟು, ಕಾಡಪ್ಪ ಹಾಡು ಗುನುಗುತ್ತಿದ್ದ. ಕೆಳಗೆ ಬಂದವನು ಸಾಹೇಬರನ್ನು ಕಂಡು ರುಮಾಲು ಸರಿಮಾಡಿಕೊಂಡ.

"ಯಾರ ಅಪ್ಪಣೆ ಮ್ಯಾಲೆ ಹತ್ತಿದ್ಯೋ?" ಎಂದು ನಾನು ಕೇಳಿದೆ.

"ಕಟಗೇರಿ ರಾಯರು ಹೇಳಿದ್ರಲ್ರಿ, ಒಡದ ಬಟ್ಟಲಾ ಎಲ್ಲಾ ಬದಲಿ ಮಾಡು ಅಂತ. ಜ್ವರಾ ಬಂದು ಹ್ವಾದ್ರು. ಬ್ಯಾರೆ ಕೆಲಸಾ ಮುಗಿಸಿ ದಿನಾ ಒಂದೀಟು ಬಂದು ಮಾಡತೀನ್ರಿ."

"ರಾಯರು ಸತ್ತು ಹೋದ್ರಲ್ಲೋ ಕಾಡಪ್ಪ."

ಅವನು ನನ್ನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದ. "ರಾಯರು ಇಲ್ರಿ, ಕಾರ್ಡ್ ಐತಲ್ರಿ. ಅವರ ಕಾರ್ಡ್ ಇದ್ದಾಗ ನಮಗ ಎಂದೂ ಏನೂ ಆಗಿಲ್ಲ."

ನಿನ್ನ ಹೆಸರನ್ನು ನೆನಪಿನ ಚೀಟಿಯೆಂದು ನೋಡುತ್ತ ನಿಂತವನು ನಾನು. ಅವನು ಅದನ್ನು ನಂಬಿ ತಂತಿಯನ್ನು ತಬ್ಬಿಕೊಂಡಿದ್ದ. ನೀನು ಬದುಕಿದ್ದಾಗ ಕೊಟ್ಟ ಮಾತನ್ನು ಆ ಕಾರ್ಡು ನೀನು ಹೋದ ಮೇಲೂ ನಡೆಸುತ್ತಿತ್ತು. ಅದು ಅಲ್ಲೇ ತೂಗುತ್ತಿರಲಿ ಎಂದು ನಾನು ಬಯಸಿದ್ದು ಎಷ್ಟು ಬಡ ಬಯಕೆ ಎಂದು ಮೋಟಾರಿನ ಹಿಂದಿನ ಸೀಟಿನಲ್ಲಿ, ಬೆವರು ನಾರುವ ಕಾಡಪ್ಪನ ಪಕ್ಕದಲ್ಲಿ ಕುಳಿತಾಗ ತಿಳಿಯಿತು. ಅಂಥ ಒಬ್ಬ ಇಂಜಿನಿಯರನ ಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಕೂತು ನಾನು ಅವನು ನಗುವುದಿಲ್ಲವೆಂದು ದೂರುತ್ತಿದ್ದೆ.

ಖಡಕಿಯಲ್ಲಿ ವೈನಿ ನಾವು ಬಿಟ್ಟು ಹೋದ ಹಾಗೆಯೇ ನಿಂತಿದ್ದರು, ಒಂದು ಕೈ ದಾರದ ಮೇಲೆ. ಕಾಡಪ್ಪ ದೂರದಿಂದಲೇ ನೆಲ ಮುಟ್ಟಿ ನಮಸ್ಕಾರ ಮಾಡಿದ. ವೈನಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಶಾಲೆಯಿಂದ ತಡವಾಗಿ ಬಂದ ಮಗನನ್ನು ನೋಡುವ ಹಾಗೆ. "ಈಗ ಇಳದ್ರು" ಎಂದರು. ನಮಗೆ ಹೇಳಿದ ಮಾತಲ್ಲ ಅದು. ಗಂಟು ಬಿಚ್ಚಿದರು.

ಸ್ವಿಚ್ಚು ಹಾಕಿದ್ದು ನಾನು. ಲೈನಿನಲ್ಲಿ ಕರೆಂಟು ಹರಿಯಿತು. ತಳೇಗಾಂವದಿಂದ ಟೆಲಿಫೋನು ಬಂತು, ಮೋಟಾರು ತಿರುಗುತ್ತಿವೆ ಎಂದು. ವೈನಿ ಕಾರ್ಡನ್ನು ಸೆರಗಿನಲ್ಲಿ ಹಿಡಿದು, ಇದನ್ನು ಒಯ್ಯಬಹುದೇ ಎಂದು ಕೇಳಿದರು. ಕಾರ್ಡು ಕಂಪನಿಯ ಸ್ವತ್ತು, ಕಡತಕ್ಕೆ ಸೇರಬೇಕು ಎಂದರು ಸಾಹೇಬರು. ಕೆಳಗಿನ ಪಟ್ಟಿಯಲ್ಲಿ ಏನು ಬರೆದಿದೆ ಎಂದು ನನ್ನನ್ನು ಕೇಳಿದರು. ಹೇಳಿದೆ. ಹಾಗಾದರೆ ಈ ಪಟ್ಟಿ ಕಂಪನಿಯ ಛಾಪಖಾನೆಯದಲ್ಲ, ಆದ್ದರಿಂದ ಕಂಪನಿಯ ಸ್ವತ್ತೂ ಅಲ್ಲ ಎಂದು, ಜೇಬಿನ ಚಾಕುವಿನಿಂದ ನಿನ್ನ ಪಟ್ಟಿಯನ್ನು ಹರಿಯದಂತೆ ಎಬ್ಬಿಸಿ ಎರಡೂ ಕೈಯಿಂದ ವೈನಿಗೆ ಕೊಟ್ಟರು. ನಿನ್ನ ಹೆಸರು ಕಡತಕ್ಕೆ ಹೋಯಿತು, ನಿನ್ನ ಮಾತು ಮನೆಗೆ ಹೋಯಿತು. ಟಾಂಗಾ ಹತ್ತುವಾಗ ವೈನಿ, "ಅವರು ಏನ್ ಕೆಲಸಾ ಮಾಡತಿದ್ರು ಅಂತ ನನಗ ಇವತ್ತ ತಿಳೀತ್ರಿ. ದೀಪಾ ಹಚ್ಚೂದು ಅಂತ ತಿಳಕೊಂಡಿದ್ದೆ" ಎಂದರು. ಅವರು ಮತ್ತು ನಿನ್ನ ತಾಯಿ, ಹುಡುಗರನ್ನು ಕರೆದುಕೊಂಡು ಹೋದ ವಾರ ಬಾಗಲಕೋಟೆಗೆ ಹೊರಟುಹೋದರು. ಸ್ಟೇಷನ್ನಿಗೆ ಹೋಗಿದ್ದೆ.

ಈಗ ಕಂಪನಿಯ ಕಟ್ಟಳೆಯಲ್ಲಿ ಹೊಸದೊಂದು ಸೇರಿದೆ: ಕಾರ್ಡು ತೆಗೆಯುವ ಮೊದಲು ರಿಜಿಸ್ಟರನ್ನು ನೋಡಿದರೆ ಸಾಲದು, ಆಳುಗಳನ್ನೆಲ್ಲ ಎದುರಿಗೆ ನಿಲ್ಲಿಸಿ ಕಣ್ಣಾರೆ ನೋಡಬೇಕು. ಕರಡು ನಾನು ಬರೆದೆ. 'ಶ್ರೀಮತಿ ಗೋದಾಬಾಯಿ ಕಟಗೇರಿಯವರ ಸೂಚನೆಯ ಮೇರೆಗೆ' ಎಂದು ಆರಂಭಿಸಿದ್ದೆ. ಮುಂಬಯಿ ಆ ಸಾಲನ್ನು ಹೊಡೆದುಹಾಕಿತು. ವಿಲ್ಟನ್ ಸಾಹೇಬರ ದೂರದೃಷ್ಟಿಯನ್ನು ಮೆಚ್ಚಿ ಲಂಡನ್ನಿನಿಂದ ಪತ್ರ ಬಂದಿದೆ. ಸಾಹೇಬರು ಅದನ್ನು ನನಗೆ ತೋರಿಸಿ ತಲೆ ಅಲ್ಲಾಡಿಸಿದರು, ಮೇಜಿನ ಖಾನೆಗೆ ಹಾಕಿದರು. ಬೇರೆ ಶಾಖೆಗಳಲ್ಲಿ, ಸಮುದ್ರದಾಚೆಯ ಯಾವುದೋ ಊರಿನಲ್ಲಿ, ಇಂದು ಒಬ್ಬ ಕಂಬದಿಂದ ಇಳಿದು ಮನೆಗೆ ಹೋದರೆ ಅವನಿಗೆ ನಿನ್ನ ಹೆಸರು ಗೊತ್ತಿರುವುದಿಲ್ಲ, ವೈನಿಯದೂ ಗೊತ್ತಿರುವುದಿಲ್ಲ. ಅದಕ್ಕೆ ನನಗೆ ಆಗುವ ಸಂಕಟವನ್ನು ಯಾವ ಅರ್ಜಿಯಲ್ಲಿ ತುಂಬಲಿ?

ನಿನ್ನ ಲೈನಿನ ಹೊಣೆಯನ್ನು ನನಗೆ ಕೊಟ್ಟಿದ್ದಾರೆ. ಬಡ್ತಿ ಎಂದು ಕರೆಯುತ್ತಾರೆ. ಒಲ್ಲೆ ಎನ್ನಬಹುದಿತ್ತು, ಅನ್ನಲಿಲ್ಲ. ಇವತ್ತು ಮಧ್ಯಾಹ್ನ ತಳೇಗಾಂವದ ಲೈನಿಗೆ ಮೊದಲ ಸಲ ನನ್ನ ಹೆಸರಿನ ಕಾರ್ಡು ಕಟ್ಟಿದೆ. ಉಳಿದ ಬಟ್ಟಲುಗಳನ್ನು ಬದಲಿಸಲು ಕಾಡಪ್ಪನೇ ಬಂದಿದ್ದ. ಕೆಲಸ ಖಡಕಿಯ ಎದುರಿನ ಕಂಬದ ಮೇಲೆಯೇ ಇತ್ತು. ಹಗ್ಗ ಹೆಗಲಿಗೆ ಹಾಕಿಕೊಂಡು ಕಾರ್ಡನ್ನು ಬಹಳ ಹೊತ್ತು ನೋಡಿದ. "ಇದು ಯಾರದ್ರಿ?" ಎಂದ. "ನಂದು" ಎಂದೆ. "ಅಲ್ರಿ ರಾಯರ, ನೀವು ಭಾಳ ಚ್ಯಾಷ್ಟೀ ಮಾಡತೀರಿ ಅಂತಾರ. ನಾ ಮ್ಯಾಲ ಇದ್ದಾಗ ಎಲ್ಲೂ ಹೋಗೂದಿಲ್ಲ ಹೌದಿಲ್ರಿ?" ಎಂದ. "ಇಲ್ಲಪಾ, ಇಲ್ಲೇ ಕೂತಿರತೀನಿ" ಎಂದೆ. ಅವನು ಇನ್ನೊಮ್ಮೆ ನನ್ನ ಮುಖ ನೋಡಿ ಹತ್ತಿದ.

ಹಾಗಾಗಿ ಕಂಬದ ಕೆಳಗೆ ಕಲ್ಲಿನ ಮೇಲೆ ಕೂತು ಈ ಪತ್ರ ಬರೆಯುತ್ತಿದ್ದೇನೆ. ಬರೆಯುವಾಗಲೂ ಸಾಲಿಗೊಮ್ಮೆ ತಲೆ ಎತ್ತಿ ನೋಡುತ್ತೇನೆ. ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೆ. ಇದುವರೆಗೆ ನಿನಗೆ ಹೇಳದೆ ಉಳಿದ ಮಾತು ಒಂದಿದೆ. ಪಕ್ಕದಲ್ಲಿ ನೀನಿದ್ದೆ ಎಂಬ ಧೈರ್ಯದ ಮೇಲೆ ನಾನು ಅಷ್ಟು ನಗುತ್ತಿದ್ದೆ.

ಕಾಡಪ್ಪನ ಕಾಲು ನೆಲ ಮುಟ್ಟಿತು. ಉಳಿದವರೂ ಬಂದು ಸಾಲಾಗಿ ನಿಂತಿದ್ದಾರೆ, ಎಣಿಸಿಕೊಂಡಿದ್ದೇನೆ. ಎಲ್ಲಾರೂ ಇಳದ್ರು, ಮಾರ್ತಾಂಡಾ. ನೀ ಮಲಕೋ.

ನಾನು ಎದ್ದು ಕಾರ್ಡು ಬಿಚ್ಚಬೇಕು.

ಎಂದೆಂದೂ ನಿನ್ನ ಪಕ್ಕದ ಮೇಜಿನವನು,
ಶ್ಯಾಮ